ಪಡಸಾಲೆಯ ಮೂಲೆ

ಇರಕಲ್ಲಗಡದಲ್ಲಿ ಹಿಡಿದ ಆಟೋ ಗೌಡರ ವಾಡೆಯ ಹೆಬ್ಬಾಗಿಲ ಮುಂದೆ ನಿಂತಾಗ ದುರುಗವ್ವನ ಕಾಲುಗಳು ಅವಳನ್ನು ಕೇಳದೆ ಎಡಕ್ಕೆ ಹೊರಳಿದವು. ಗೋಡೆಗುಂಟ ಎಡಕ್ಕೆ ಹೋದರೆ ಹಿತ್ತಲ ಬಾಗಿಲು. ಅದರ ಹೊಸ್ತಿಲು ಎಲ್ಲಿ ಸವೆದಿದೆ, ಒಳಗೆ ಹೋಗುವಾಗ ತಲೆಯನ್ನು ಎಷ್ಟು ಬಗ್ಗಿಸಬೇಕು, ಬಗ್ಗಿಸಿದ ತಲೆಯನ್ನು ಒಳಗೆ ಹೋದ ಮೇಲೂ ಎಷ್ಟು ಹೊತ್ತು ಹಾಗೇ ಇಟ್ಟುಕೊಳ್ಳಬೇಕು ಎಂಬುದೆಲ್ಲ ಅವಳ ಮೈಗೆ ಇನ್ನೂ ನೆನಪಿತ್ತು. ಮಗಳು ನೇತ್ರಾವತಿ ರಟ್ಟೆ ಹಿಡಿದು ಎಳೆದಳು.

"ಎಲ್ಲಿಗೆ ಹೊಂಟಿ ಯವ್ವಾ? ಬಾಗಲಾ ಇಲ್ಲೈತಿ."

"ಆ ಕಡಿ..."

"ಆ ಕಡಿ ಬಾಗಲಾ ಮುಚ್ಚಿ ಬಚ್ಚಲ ಕಟ್ಟ್ಯಾರ. ಇದ್ದರೂ ನಾ ಬಿಡ್ತಿದ್ದಿಲ್ಲ. ತಲಿ ಎತ್ತು."

ನೇತ್ರಾವತಿ ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ರೋಗಿಗಳಿಗೆ ನಾಲಿಗೆ ಚಾಚು ಎನ್ನುವ ದನಿಯಲ್ಲೇ ತಾಯಿಗೂ ತಲೆ ಎತ್ತು ಎನ್ನುತ್ತಿದ್ದಳು. ಈ ವಾಡೆ ಈಗ ಹೋಂಸ್ಟೇ ಆಗಿದೆ, ಆನೆಗುಂದಿ ಹಂಪಿ ನೋಡಲು ಬಂದವರು ಇಲ್ಲಿ ಒಂದು ರಾತ್ರಿ ಇದ್ದು ಹೋಗುತ್ತಾರೆ ಎಂದು ತಿಳಿದ ದಿನದಿಂದ ಅವಳಿಗೆ ಒಂದೇ ಹಟ. ಗೌಡರ ವಾಡೆಯ ಕಸ ಹೊಡೆದು ಹೊಡೆದು ಬೆನ್ನು ಬಾಗಿಸಿಕೊಂಡ ತನ್ನ ಅವ್ವ ಆ ಪಡಸಾಲೆಯಲ್ಲಿ ಕೂತು ಉಣ್ಣಬೇಕು, ಆ ಮನೆಯವರು ಅವಳಿಗೆ ನೀಡಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. ಫೋನಿನಲ್ಲೇ ಗಂಗಾವತಿಯ ವಿಳಾಸ ಕೊಟ್ಟು ಕೋಣೆ ಹಿಡಿದಿದ್ದಳು. ನಾವು ಇದೇ ಊರಿನ ಕೇರಿಯವರೆಂದು ಯಾರಿಗೂ ಹೇಳಕೂಡದು ಎಂದು ಬಸ್ಸಿನಲ್ಲಿ ಮತ್ತೆ ಮತ್ತೆ ತಾಕೀತು ಮಾಡಿದ್ದಳು. ದುರುಗವ್ವ ಹೂಂ ಅಂದಿದ್ದಳು. ಅವಳು ಬರಲೊಪ್ಪಿದ್ದು ಪಡಸಾಲೆಗಾಗಿ ಅಲ್ಲ, ಸುಂಕಲಮ್ಮನಿಗಾಗಿ. ಸುಂಕಲಮ್ಮ ಅವಳ ಮೈದುನನ ಹೆಂಡತಿ, ಓರಗಿತ್ತಿ. ಇಬ್ಬರೂ ಇದೇ ಅಂಗಳವನ್ನು ಆ ತುದಿಯಿಂದ ಒಬ್ಬಳು ಈ ತುದಿಯಿಂದ ಒಬ್ಬಳು ಗುಡಿಸುತ್ತ ಬಂದು ನಡುವೆ ಕೂಡುತ್ತಿದ್ದವರು. ಗಂಡಂದಿರು ಸತ್ತ ಮೇಲೆ ಕೇರಿಯಲ್ಲಿ ನಡುಗೋಡೆ ಒಂದೇ ಇರುವ ಎರಡು ಕೋಣೆಗಳಲ್ಲಿ ಬದುಕಿದವರು. ಮಗಳ ನೌಕರಿ ಆದ ಮೇಲೆ ದುರುಗವ್ವ ಗಂಗಾವತಿಗೆ ಹೋದಳು. ಸುಂಕಲಮ್ಮ ವಾಡೆಯಲ್ಲೇ ಕೆಲಸಕ್ಕೆ ಉಳಿದಳು. ದುರುಗವ್ವನ ಕೋಣೆಯ ಬೀಗದ ಕೈ ಅಂದಿನಿಂದ ಸುಂಕಲಮ್ಮನ ಸೊಂಟದಲ್ಲಿದೆ. ಅಮಾವಾಸ್ಯೆಗೊಮ್ಮೆ ಬಾಗಿಲು ತೆಗೆದು, ಗುಡಿಸಿ, ದೀಪ ಹಚ್ಚಿ ಬರುತ್ತಾಳೆ. ಮಗಳ ಮಹಡಿ ಮನೆಯ ಕಿಟಕಿಯಲ್ಲಿ ಕೂತು ಕೂತು ದುರುಗವ್ವನಿಗೆ ಸಾಕಾಗಿತ್ತು. ಈ ಸಲ ಸುಂಕಲಮ್ಮನ ಮುಖ ನೋಡಿ ಒಂದು ಮಾತು ಹೇಳಬೇಕು: ನಾ ತಿರುಗಿ ಬರ್ತೀನಿ, ನಿನ್ನ ಮಗ್ಗುಲಾಗ ಇರ್ತೀನಿ, ಕಡೀಕ ಬಾಯಾಗ ನೀರು ನೀನ ಬಿಡು. ಬಸ್ಸಿನುದ್ದಕ್ಕೂ ಆ ಮಾತನ್ನು ತುಟಿಯೊಳಗೆ ಆಡಿಕೊಂಡು ಬಂದಿದ್ದಳು.

ಹೆಬ್ಬಾಗಿಲು ದಾಟಿ ದುರುಗವ್ವ ಸುತ್ತ ನೋಡಿದಳು. ಕಟ್ಟೆಗೆ ಬಣ್ಣ ಬಳಿದಿದ್ದರು. ಎತ್ತು ಕಟ್ಟುವ ಜಾಗದಲ್ಲಿ ಹೂವಿನ ಕುಂಡಗಳಿದ್ದವು, ಮೂಲೆಯಲ್ಲಿ ಒಂದೇ ಒಂದು ಆಕಳು, ಅದೂ ಬಂದವರು ನೋಡಲೆಂದು ಕೊಂಬಿಗೆ ಗೊಂಡೆ ಕಟ್ಟಿಸಿಕೊಂಡು ನಿಂತಿತ್ತು. ಪಡಸಾಲೆಯ ಮೆಟ್ಟಿಲ ಮೇಲೆ ಮಲ್ಲೇಶ್ವರಿ ಕೈ ಮುಗಿದು ನಿಂತಿದ್ದಳು. ಹಳೇ ಗೌಡ್ತಿ ಪಾರ್ವತೆಮ್ಮನ ಮೊಮ್ಮಗನ ಹೆಂಡತಿ ಈಕೆ, ಹುಬ್ಬಳ್ಳಿಯಲ್ಲಿದ್ದು ಬಂದವಳು. ಕೇರಿಯ ಮುದುಕಿಯರ ಮುಖ ಅವಳಿಗೇನು ಗೊತ್ತು? "ಬರ್ರಿ ಅಮ್ಮಾರ, ಬರ್ರಿ ಮೇಡಂ. ಬಿಸಲಾಗ ಬಂದೀರಿ," ಎಂದು ಬೆಲ್ಲ, ನೀರು ಇಟ್ಟ ತಾಟು ಹಿಡಿದು ಮೆಟ್ಟಿಲಿಳಿದಳು. ಅಮ್ಮಾರ ಎಂದದ್ದು ತನಗೇ ಎಂದು ದುರುಗವ್ವನಿಗೆ ಗೊತ್ತಾಗುವಷ್ಟರಲ್ಲಿ ಫಳಫಳ ಹೊಳೆಯುವ ಹಿತ್ತಾಳೆಯ ಲೋಟ ಅವಳ ಮುಂದೆ ಬಂದಿತ್ತು. ದುರುಗವ್ವ ಸೆರಗು ಸರಿಮಾಡಿಕೊಂಡು, ಸೊಂಟ ಬಗ್ಗಿಸಿ, ಎರಡೂ ಕೈ ಕೂಡಿಸಿ ಲೋಟದ ಕೆಳಗೆ ಬೊಗಸೆ ಒಡ್ಡಿದಳು.

ಹಾಗೆ ಒಡ್ಡಿದ ಮೇಲೆ ತಿಳಿಯಿತು. ಈ ಮನೆಯಲ್ಲಿ ಅವಳು ಕುಡಿದ ನೀರೆಲ್ಲ ಮೇಲಿನಿಂದ ಬೊಗಸೆಗೆ ಬಿದ್ದದ್ದು, ಲೋಟ ಎಂದೂ ಕೈಗೆ ಬಂದಿರಲಿಲ್ಲ. ಕೈಗಳನ್ನು ಹಿಂದಕ್ಕೆ ತೆಗೆಯಬೇಕೆಂದರೆ ಅವು ಬರಲಿಲ್ಲ. ಮಲ್ಲೇಶ್ವರಿ ತಿಳಿಯದೆ ನಕ್ಕಳು: "ತೀರ್ಥ ಅಲ್ರೀ ಅಮ್ಮಾರ, ಕುಡಿಯೋ ನೀರು." ನೇತ್ರಾವತಿಯ ಮುಖ ಕಪ್ಪಿಟ್ಟಿತು, ಬೊಗಸೆಯನ್ನು ಬಿಡಿಸಿ ಲೋಟವನ್ನು ತಾಯಿಯ ಕೈಯಲ್ಲಿ ತುರುಕಿದಳು. ಆಗ ಅಡುಗೆ ಮನೆಯ ಬಾಗಿಲಿನಿಂದ ಒಂದು ನಗು ಕೇಳಿತು. ಕೆಲಸದವರಿಗೆಂದು ಕೊಟ್ಟ ಇಲಕಲ್ಲ ಸೀರೆ ಉಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡು, ತಡೆಯಲಾರದೆ ನಗುತ್ತಿದ್ದವಳು ಸುಂಕಲಮ್ಮ. ದುರುಗವ್ವ ಆ ನಗುವನ್ನು ಎಷ್ಟೋ ಸಲ ಕೇಳಿದ್ದಳು, ಜೊತೆಗೇ ನಕ್ಕಿದ್ದಳು. ಇವತ್ತು ಅದು ಗಂಟಲಿಗಿಳಿದ ನೀರಿನಲ್ಲಿ ಮರಳಿನ ಹಾಗೆ ಸಿಕ್ಕಿತು.

ಅವರಿಗೆ ಸಿಕ್ಕಿದ್ದು ಗೌಡ್ತಿಯ ಕೋಣೆ. ಎತ್ತರದ ಮಂಚ ಅದೇ. ಗೋಡೆಯ ಮೇಲೆ ಗೌಡ್ತಿಯ ಫೋಟೋಕ್ಕೆ ಗಂಧದ ಹಾರ. ಅಲಂಕಾರಕ್ಕೆಂದು ಬಾಗಿಲ ಬಳಿ ಒಂದು ಗಡಿಗೆಯ ತುಂಬ ಬಿಳಿಜೋಳ ಇಟ್ಟಿದ್ದರು. ನೇತ್ರಾವತಿ ಹಿತ್ತಲು ನೋಡಿ ಬರುತ್ತೇನೆಂದು ಹೋದಳು. ದುರುಗವ್ವ ಮಂಚದ ಅಂಚಿನಲ್ಲಿ, ಬೀಳದಷ್ಟೇ, ಕೂತಳು. ಚಾದರ ಬೆಳ್ಳಗಿತ್ತು. ಅದರ ಮೇಲೆ ಕೈಯಿಡಲು ಅಂಜಿಕೆ. ಈ ಕೋಣೆಯನ್ನು ಗುಡಿಸಿ ಆದ ಮೇಲೆ ಗೌಡ್ತಿ ಬರುತ್ತಿದ್ದಳು. ಹಾಗೆ ನೋಡಲು ಬರುವ ಮೊದಲೇ, ಯಾರೂ ನೋಡದಾಗ, ಮೂಲೆಯಲ್ಲಿ ನಾಲ್ಕು ಕಾಳು ಜೋಳ ಬೀಳಿಸಿ ಹೋಗಿರುತ್ತಿದ್ದಳು. ಕಾಳು ಅಲ್ಲೇ ಇದ್ದರೆ ಗುಡಿಸಿಲ್ಲ. ಕಾಳು ಇಲ್ಲದಿದ್ದರೆ ಕದ್ದಿ ಎನ್ನುವಳು. ಹೆಬ್ಬೆರಳು ಚಾಚಿ ತೋರಿಸುತ್ತಿದ್ದಳು, ಕೈಯಿಂದಲ್ಲ, ಕಾಲಿನಿಂದ. ಆ ಮೂಲಿ ಬಿಟ್ಟಿ ನೋಡು. ಹಾಗೆನ್ನುವಾಗ ದನಿ ಎತ್ತುತ್ತಿರಲಿಲ್ಲ. ಸುಗ್ಗಿಯ ಊಟದ ದಿನವೂ ಅಷ್ಟೇ. ಕೇರಿಯವರೆಲ್ಲ ಪಡಸಾಲೆಯ ಕೆಳಗೆ ಅಂಗಳದಲ್ಲಿ ಕೂತು ಉಣ್ಣುವುದು, ಉಂಡವರೇ ಎಲೆ ಎತ್ತಿ, ಉಂಡ ಜಾಗಕ್ಕೆ ತಾವೇ ಸೆಗಣಿ ಬಳಿದು ಹೋಗುವುದು. ಗೌಡ್ತಿ ಪಡಸಾಲೆಯ ಮೇಲಿನಿಂದ ಹೆಬ್ಬೆರಳು ತೋರಿಸುವಳು. ಬಿಟ್ಟಿ ನೋಡು. ದುರುಗವ್ವ, ಸುಂಕಲಮ್ಮ ಇಬ್ಬರೂ ಮಂಡಿಯ ಮೇಲೆ ಮತ್ತೆ ಹಿಂದಕ್ಕೆ ಬರುವರು, ಒಬ್ಬರ ಕಣ್ಣು ಒಬ್ಬರು ನೋಡಿ ನಗು ನುಂಗುವರು.

ಬಿಸಿನೀರಿನ ತಂಬಿಗೆ ಹಿಡಿದು ಸುಂಕಲಮ್ಮ ಒಳಗೆ ಬಂದಳು. ಬಾಗಿಲು ಮುಂದೆ ಮಾಡಿ, ತಂಬಿಗೆ ಇಟ್ಟು, ನಡುವಿಗೆ ಕೈ ಕೊಟ್ಟು ನಿಂತು ನೋಡಿದಳು.

"ಯಕ್ಕಾ! ಹೆಂಗ ಕಾಣ್ತಿ ಗೊತ್ತೇನ? ಮಂಚದ ಮ್ಯಾಲ ಕಾಗಿ ಕುಂತಂಗ ಕಾಣ್ತಿ."

"ಬಾ, ಕುಂದ್ರ ಬಾ," ಎಂದಳು ದುರುಗವ್ವ, ಪಕ್ಕ ತಟ್ಟಿ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ನಾ ಒಲ್ಲೆವ್ವ. ಚಾದರ ಮುದುಡಿದ್ರ ನಾನ ಜಗ್ಗಬೇಕು." ಸುಂಕಲಮ್ಮನ ಬಾಯಲ್ಲಿ ನಗು ತುಳುಕುತ್ತಿತ್ತು. ತಟ್ಟನೆ ಸೊಂಟ ಬಗ್ಗಿಸಿ, ಕಣ್ಣು ಕೆಳಗೆ ಮಾಡಿ, ಬೊಗಸೆ ಒಡ್ಡಿ ತೋರಿಸಿದಳು. "ಹಿಂಗ ಒಡ್ಡಿದಿ! ಮಲ್ಲೇಶ್ವರಿ ಅಮ್ಮಾರು ತೀರ್ಥ ಅಲ್ರೀ ಅಂದ್ರು. ನನ್ನ ಹೊಟ್ಟ್ಯಾಗ ನಗಿ ಹಿಡಿಸಲಿಲ್ಲ ನೋಡು. ಇವತ್ತ ಸಂಜೀಕ ಕೇರ್ಯಾಗ ಹೇಳಿದ್ನೆಂದ್ರ ನಕ್ಕೋಂತ ಬೀಳ್ತಾರ ಎಲ್ಲಾರು. ದುರುಗವ್ವ ವಾಡೇಕ ಬೀಗರಾಗಿ ಬಂದು ಬೊಗಸಿ ಒಡ್ಡಿದ್ಲು ಅಂತ."

ಅದರಲ್ಲಿ ವಿಷವಿರಲಿಲ್ಲ. ಅವರಿಬ್ಬರೂ ಜೀವಮಾನವಿಡೀ ಒಬ್ಬರನ್ನೊಬ್ಬರು ಹೀಗೇ ಆಡಿಕೊಂಡವರು. ಅದು ದುರುಗವ್ವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅವಳ ಕಣ್ಣ ಮುಂದೆ ಕೇರಿಯ ಕಟ್ಟೆ ಬಂತು, ಅಲ್ಲಿ ಕೂತವರೆಲ್ಲ ಬೊಗಸೆ ಒಡ್ಡಿ ಒಡ್ಡಿ ನಗುವುದು ಬಂತು. ತಾನು ತಿರುಗಿ ಹೋಗಿ ಸಾಯಬೇಕೆಂದಿದ್ದ ಕೋಣೆಯ ಗೋಡೆಯಾಚೆಗೂ ಅದೇ ನಗು. ಅವಳು ಕಾಲುಗಳನ್ನು ಮಂಚದ ಮೇಲೆ ತೆಗೆದುಕೊಂಡು ಉದ್ದಕ್ಕೆ ಚಾಚಿದಳು. ಬೆಳ್ಳನೆಯ ಚಾದರದ ಮೇಲೆ ತನ್ನ ಒಡೆದ ಹಿಮ್ಮಡಿಗಳು ಬೇರೆ ಯಾರವೋ ಅನ್ನಿಸಿದವು.

"ಕಾಲು ನೋಯಾಕ ಹತ್ಯಾವು," ಎಂದಳು. "ಒತ್ತು."

"ಆಹಾ, ಬಂದ್ಲು ನೋಡ್ರೆವ್ವಾ ಗೌಡ್ತಿ!" ಸುಂಕಲಮ್ಮ ನಕ್ಕು, ಆಟಕ್ಕೆ ನೆಲದ ಮೇಲೆ ಮಂಡಿಯೂರಿ, ಪಾದವನ್ನು ಹಿಡಿದು ಒಮ್ಮೆ ಗುದ್ದಿ ಏಳಹೋದಳು.

"ಏಳು ಅಂದ್ನೇನ? ಒತ್ತು."

ಸುಂಕಲಮ್ಮ ಮುಖವೆತ್ತಿ ನೋಡಿದಳು. ಇನ್ನೂ ಆಟವೇ ಎಂದು ಹುಡುಕಿದಳು. ಹುಡುಕಿದ್ದು ಸಿಗಲಿಲ್ಲ. ನಗು ತುಟಿಯ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು ಆಮೇಲೆ ಹೋಯಿತು. ಅವಳು ಒತ್ತತೊಡಗಿದಳು. ಫಿನಾಯಿಲ್ ನೀರಿಗೆ ಒರಟಾದ ಕೈಗಳು ಮೀನಖಂಡದಿಂದ ಇಳಿದು ಹಿಮ್ಮಡಿಗೆ ಬಂದವು, ತಿರುಗಿ ಹತ್ತಿದವು. ಇಷ್ಟು ಹಿತವಾಗಿರುತ್ತದೆಂದು ದುರುಗವ್ವನಿಗೆ ಗೊತ್ತಿರಲಿಲ್ಲ. ಕಾಲೊತ್ತಿಸಿಕೊಳ್ಳಲು ಗೌಡ್ತಿಗೆ ಮೈಲಿಗೆ ಇರಲಿಲ್ಲ. ಇದೇ ಮಂಚದ ಇದೇ ತುದಿಗೆ ನೆಲದ ಮೇಲೆ ಕೂತು, ಗೌಡ್ತಿ ಗೊರಕೆ ಹೊಡೆಯುವವರೆಗೂ ಅವಳ ಬೆಳ್ಳನೆಯ ಕಾಲುಗಳನ್ನು ಒತ್ತುತ್ತಿದ್ದ ದಿನಗಳಲ್ಲಿ, ಬೆರಳನ್ನು ಒಮ್ಮೆ ಲಟಕ್ಕನೆ ಮುರಿದು ಎದ್ದು ಹೋಗಿಬಿಡಲೇ ಅನ್ನಿಸುತ್ತಿತ್ತು. ಹಾಗನ್ನಿಸಿದಾಗಲೆಲ್ಲ ಇನ್ನಷ್ಟು ಮೆತ್ತಗೆ ಒತ್ತುತ್ತಿದ್ದಳು. ಈಗ ಸುಂಕಲಮ್ಮನ ಕೈ ಮೆತ್ತಗಾಯಿತು. ಅವಳ ತಗ್ಗಿದ ತಲೆಯೊಳಗೆ ಏನು ನಡೆದಿದೆ ಎಂಬುದು ದುರುಗವ್ವನಿಗೆ ಅಕ್ಷರ ಅಕ್ಷರವಾಗಿ ಕಂಡಿತು. ಕಾಲಿನ ಹಿತಕ್ಕಿಂತ ಈ ಕಾಣುವುದರ ಹಿತ ದೊಡ್ಡದಿತ್ತು. ಗೌಡ್ತಿಗೂ ಹೀಗೇ ಕಾಣುತ್ತಿತ್ತೇನೋ. ಗೊರಕೆ ಹೊಡೆಯುತ್ತಿದ್ದದ್ದು ನಿಜವಾದ ಗೊರಕೆಯೋ ಅಲ್ಲವೋ.

ಕೊನೆಗೆ ಸುಂಕಲಮ್ಮ ಎದ್ದಳು. ಸೀರೆಯ ಮಡಿಕೆ ಸರಿ ಮಾಡಿಕೊಂಡಾಗ ಸೊಂಟದ ಬೀಗದ ಕೈ ಸಣ್ಣಗೆ ಸದ್ದಾಯಿತು.

"ಮತ್ತೇನರ ಬೇಕೇನ್ರೀ ಅಮ್ಮಾರ?"

ಅಕ್ಕ ಅನ್ನಲಿಲ್ಲ. ಈಗಲೂ ಕೈ ಹಿಡಿದು, ಹುಚ್ಚಿ, ಕುಂದ್ರ ಬಾ, ನಿನಗೊಂದು ಮಾತು ಹೇಳೋದೈತಿ ಎಂದರೆ ಮುಗಿಯುತ್ತಿತ್ತು. ದುರುಗವ್ವ ಬಾಯಿ ತೆರೆದಳು. "ಬಾಗಲಾ ಹಾಕ್ಕೊಂಡು ಹೋಗು," ಎಂದು ಬಂತು.

ರಾತ್ರಿ ಅವಳು ನೆಲದ ಮೇಲೆ ಮಲಗಲಿಲ್ಲ. ಮಲಗುತ್ತಾಳೆಂದು ನೇತ್ರಾವತಿ ಜಗಳಕ್ಕೆ ತಯಾರಾಗಿದ್ದಳು. ತಾಯಿ ಮಂಚದ ನಟ್ಟನಡುವೆ ಕಾಲು ಚಾಚಿದ್ದು ನೋಡಿ ಅವಳ ಕಣ್ಣು ತುಂಬಿ ಬಂತು. "ಹೌದವ್ವ, ಹಿಂಗ ಇರಬೇಕು ನೀ," ಎಂದು ಚಾದರ ಹೊದಿಸಿದಳು.

ಬೆಳಿಗ್ಗೆ ನೇತ್ರಾವತಿ ಜಳಕಕ್ಕೆ ಹೋದಾಗ ಸುಂಕಲಮ್ಮ ಕಸಬರಿಗೆ ಹಿಡಿದು ಬಂದಳು. ಗುಡಿಸಿದಳು, ಒರೆಸಿದಳು, ಹೋದಳು. ಅವಳ ಹೆಜ್ಜೆ ದೂರವಾದ ಮೇಲೆ ದುರುಗವ್ವ ಗಡಿಗೆಯಿಂದ ನಾಲ್ಕು ಕಾಳು ಜೋಳ ತೆಗೆದುಕೊಂಡಳು. ತಾನು ಯಾಕೆ ತೆಗೆದುಕೊಂಡೆನೆಂದು ಕೈಯನ್ನೇ ನೋಡಿದಳು. ರಾತ್ರಿ ಕೇರಿಯಲ್ಲಿ ಏನೇನು ನಕ್ಕರೋ, ಸುಂಕಲಮ್ಮ ಸೊಂಟ ಬಗ್ಗಿಸಿ ಎಷ್ಟು ಸಲ ಮಾಡಿ ತೋರಿಸಿದಳೋ. ಹೇಳದೆಯೂ ಇರಬಹುದು. ಒಬ್ಬಳೇ ಗೋಡೆಗೆ ಮುಖ ಮಾಡಿ ಮಲಗಿದ್ದಿರಬಹುದು. ಆ ಯೋಚನೆ ಬಂದೊಡನೆ ಅದನ್ನು ತಡೆಯುವವಳಂತೆ ದುರುಗವ್ವ ಮಂಚದ ಹಿಂದಿನ ಮೂಲೆಗೆ ಹೋಗಿ ಕಾಳುಗಳನ್ನು ಬೀಳಿಸಿದಳು. ಆಮೇಲೆ ಬಾಗಿಲಿಗೆ ಬಂದು ಕರೆದಳು. "ಸುಂಕಲಮ್ಮಾ!"

ಸುಂಕಲಮ್ಮ ಬಂದಳು. ದುರುಗವ್ವ ಏನೂ ಹೇಳಬೇಕಾಗಲಿಲ್ಲ. ಮೂಲೆಯ ಕಡೆಗೆ ನೋಡಿದಳಷ್ಟೆ. ಸುಂಕಲಮ್ಮ ಕಾಳುಗಳನ್ನು ಕಂಡಳು. ಅವು ಏನೆಂದು, ಹೇಗೆ ಬಂದವೆಂದು ಲೋಕದಲ್ಲಿ ಇನ್ನೊಬ್ಬರಿಗೆ ತಿಳಿಯುವ ಹಾಗಿದ್ದರೆ ಅದು ಅವಳಿಗೇ. ಬಗ್ಗಿದಳು. ಒಂದೊಂದಾಗಿ ಕಾಳು ಆರಿಸಿ, ತಂದು ದುರುಗವ್ವನ ಅಂಗೈ ಬಿಡಿಸಿ ಅದರಲ್ಲಿಟ್ಟು, ಬೆರಳು ಮಡಿಚಿದಳು.

"ಗೌಡ್ತಿ ಸತ್ತಾಗ ನಾವಿಬ್ಬರೂ ಹಿತ್ತಲದಾಗ ನಿಂತು ನಕ್ಕಿದ್ವಿ," ಎಂದಳು. "ನಿನಗ ನೆನಪೈತೇನು?"

ದುರುಗವ್ವ ಮುಚ್ಚಿದ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು. ನೆನಪಿತ್ತು.

ತಿಂಡಿಗೆ ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಎದುರಿಗೆ ಮೈಸೂರಿನಿಂದ ಬಂದ ಗಂಡಹೆಂಡಿರು ಕೂತಿದ್ದರು. ಗಂಡನ ಕೊರಳಲ್ಲಿ ಕ್ಯಾಮೆರಾ, ಹೆಂಡತಿಗೆ ಕಂಡದ್ದೆಲ್ಲ ಬಲು ಚಂದ. ಮಲ್ಲೇಶ್ವರಿಯೇ ಬಗ್ಗಿ ಬಡಿಸಿದಳು. ನೆನೆಸಿದ ಮಂಡಕ್ಕಿಯ ಮಂಡಾಳ ಒಗ್ಗರಣೆ, ಬಿಸಿ ಮಿರ್ಚಿ, ಮೇಲೊಂದು ಹೋಳು ನಿಂಬೆ. "ಇನ್ನಷ್ಟು ಹಾಕಿಸ್ಕೋರಿ ಅಮ್ಮಾರ, ನಾಚಬ್ಯಾಡ್ರಿ." ನೇತ್ರಾವತಿ ಮೊಬೈಲು ಎತ್ತಿ ಹಿಡಿದಿದ್ದಳು. ಈ ಗಳಿಗೆಗಾಗಿ ಅವಳು ಎಷ್ಟು ವರ್ಷದಿಂದ ಹಲ್ಲು ಕಚ್ಚಿದ್ದಳೋ. ದುರುಗವ್ವ ಮೇಲೆ ಕೂತು ಕೆಳಗಿನ ಅಂಗಳ ನೋಡಿದಳು. ತಾವು ಸಾಲಾಗಿ ಕೂರುತ್ತಿದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು. ಇಲ್ಲಿಂದ ನೋಡಿದರೆ ಎಲ್ಲರ ನೆತ್ತಿಯೂ ಕಾಣುತ್ತಿದ್ದಿರಬೇಕು. ಮುಖ ಕಾಣುತ್ತಿರಲಿಕ್ಕಿಲ್ಲ. ಮಂಡಾಳು ಬಾಯಲ್ಲಿ ಬೂದಿಯ ಹಾಗಿತ್ತು, ಆದರೂ ತಟ್ಟೆ ಖಾಲಿಯಾಯಿತು. ಖಾಲಿಯಾದದ್ದೇ ಅವಳ ಕೈ ತಟ್ಟೆಯ ಅಂಚು ಹಿಡಿದು ಎತ್ತಿತು.

ನೇತ್ರಾವತಿ ಮಣಿಕಟ್ಟಿನ ಮೇಲೆ ಹೊಡೆದಳು. ಮೆಲ್ಲಗೆ, ಆದರೆ ಹೊಡೆತವೇ. "ಕೈ ತಗಿ. ಇಡು ಅದನ್ನ."

"ಬಿಡ್ರಿ ಅಮ್ಮಾರ, ನೀವ್ಯಾಕ ಎತ್ತತೀರಿ," ಎಂದಳು ಮಲ್ಲೇಶ್ವರಿ. "ನಮ್ಮಾಕಿ ಎತ್ತತಾಳ. ಸುಂಕಲಮ್ಮಾ!"

ಸುಂಕಲಮ್ಮ ಬಂದು ಬಗ್ಗಿದಳು. ಎಂಜಲು ತಟ್ಟೆಗೆ ಕೈ ಹಾಕಿದಾಗ ಅವಳ ಮುಖ ದುರುಗವ್ವನ ಮುಖದ ಹತ್ತಿರ ಬಂತು. ಇನ್ನೂ ಏನಾದರೂ ಹೇಳುತ್ತಾಳೆಂದು ಕಾಯುವ ಹಾಗೆ ಅಲ್ಲಿ ನಿಂತಿತು. ದುರುಗವ್ವ ಮಣೆಯಿಂದೆದ್ದು ಕಂಬಕ್ಕೆ ಒರಗಿದಳು. ತಟ್ಟೆ ಎತ್ತಿಕೊಂಡು ಸುಂಕಲಮ್ಮ ಹೋದಳು.

ಎಲ್ಲರೂ ಚಹಾ ಕುಡಿಯುತ್ತಿದ್ದಾಗ ತಿರುಗಿ ಬಂದಳು. ಕೈಯಲ್ಲಿ ಬಕೆಟ್ಟು. ಆಕಳ ಹಸಿ ಸೆಗಣಿಯ ವಾಸನೆ ಅವಳಿಗಿಂತ ಮೊದಲು ಪಡಸಾಲೆ ಹತ್ತಿತು. ದುರುಗವ್ವ ಕೂತಿದ್ದ ಮಣೆಯನ್ನು ಕಾಲಿನಿಂದ ಆಚೆ ತಳ್ಳಿ, ಮಂಡಿಯೂರಿ, ನುಣ್ಣನೆ ಪಾಲಿಶ್ ಮಾಡಿದ ಹಾಸುಗಲ್ಲಿನ ಮೇಲೆ ಬೊಗಸೆಯಿಂದ ಸೆಗಣಿ ನೀರು ಸುರಿದು ಬಳಿಯತೊಡಗಿದಳು. ಮಗಳು ಕೂತಲ್ಲಿ ಅಲ್ಲ, ಮೈಸೂರಿನವರು ಕೂತಲ್ಲಿ ಅಲ್ಲ. ದುರುಗವ್ವ ಕೂತಲ್ಲಿ ಮಾತ್ರ.

"ಚಿಗವ್ವಾ! ಏನ್ ಮಾಡಾಕ ಹತ್ತೀ?" ನೇತ್ರಾವತಿ ಕಿರುಚಿದಳು. ಬಾಯಿಂದ ಜಾರಿದ ಮಾತನ್ನು ಹಿಡಿಯಲಾಗಲಿಲ್ಲ.

"ಚಿಗವ್ವ?" ಮಲ್ಲೇಶ್ವರಿ ಸುಂಕಲಮ್ಮನನ್ನು ನೋಡಿದಳು, ನೇತ್ರಾವತಿಯನ್ನು ನೋಡಿದಳು, ಕಂಬಕ್ಕೊರಗಿದ ಮುದುಕಿಯ ಕೈಗಳನ್ನು ನೋಡಿದಳು. ನಿನ್ನೆಯ ಬೊಗಸೆ ಅವಳಿಗೆ ಈಗ ತಿಳಿಯಿತು.

"ಹೌದ್ರೀ ಅಮ್ಮಾರ," ಎಂದಳು ಸುಂಕಲಮ್ಮ, ಕೈ ನಿಲ್ಲಿಸದೆ. "ಈಕಿ ನಮ್ಮ ಕೇರಿ ದುರುಗವ್ವ, ನಮ್ಮ ಭಾವನ ಹೇಣ್ತಿ. ಕೇರಿಯವ್ರು ಉಂಡ ಜಾಗಾ ಬಳೀಬೇಕು, ಈ ಮನಿಯಾಗ ಅದು ಹಿಂದಿಂದ ಬಂದದ್ದು. ಉಂಡವರ ಬಳೀಬೇಕಿತ್ತು. ಈಗ ಈಕಿ ದೊಡ್ಡಾಕಿ ಆಗ್ಯಾಳ. ಅದಕ್ಕ ಆಕಿ ಬದ್ಲಿ ನಾ ಬಳೀತೀನಿ."

ನೇತ್ರಾವತಿಯ ಮೊಬೈಲು ಕೆಳಗಿಳಿದಿತ್ತು. ಮೈಸೂರಿನ ಹೆಂಗಸು ಮಾತ್ರ ಚಹಾದ ಕಪ್ಪು ಇಟ್ಟು ಮುಂದೆ ಸರಿದಳು. "ಅಯ್ಯೋ, ಇದು ಸೆಗಣೀನಾ? ರೀ, ತೆಗೀರಿ ಬೇಗ. ಸ್ವಲ್ಪ ನಿಧಾನವಾಗಿ ಮಾಡಮ್ಮ, ವಿಡಿಯೋದಲ್ಲಿ ಸರಿಯಾಗಿ ಬರಲಿ. ಇದು ಇಲ್ಲಿನ ಹಳೇ ಪದ್ಧತೀನಾ?"

ಮಲ್ಲೇಶ್ವರಿ ಕ್ಯಾಮೆರಾದ ಕಡೆ ನೋಡಿದಳು. ಆಮೇಲೆ ಮುಖಕ್ಕೆ ನಗು ತಂದುಕೊಂಡಳು. "ಹೌದ್ರಿ. ನಮ್ಮ ಅಜ್ಜಿ ಕಾಲದಾಗ ಹಿಂಗ ಮಾಡ್ತಿದ್ರಂತ. ಎಲ್ಲಾ ಹಳೇದು ಉಳಿಸ್ಕೊಂಡು ಬಂದೀವಿ ನಾವು."

ಸುಂಕಲಮ್ಮ ಬಳಿದು ಮುಗಿಸಿದಳು. ಎಡಗೈಯಿಂದ ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಬಿಚ್ಚಿ, ಹಸಿ ನೆಲದ ಮೇಲೆ, ದುರುಗವ್ವನ ಪಾದದಿಂದ ಒಂದು ಗೇಣು ಆಚೆ ಇಟ್ಟಳು. ಬಕೆಟ್ಟು ಎತ್ತಿಕೊಂಡಳು. ಈಗ ಬಗ್ಗಿ ಆ ಬೀಗದ ಕೈಯನ್ನು ಎತ್ತಿಕೊಳ್ಳಬೇಕು, ಬೇಡ, ಎತ್ತಿ ಅವಳ ಸೊಂಟಕ್ಕೇ ತಿರುಗಿ ಸಿಕ್ಕಿಸಬೇಕು, ನಾ ಬರ್ತೀನಿ ನಿನ್ನ ಮಗ್ಗುಲಿಗೆ ಎನ್ನಬೇಕು, ಈ ಎಲ್ಲರ ಮುಂದೆ ಅದೇ ಸೆಗಣಿಯಲ್ಲಿ ಅವಳ ಜೊತೆ ಮಂಡಿಯೂರಬೇಕು. ಇಷ್ಟೂ ದುರುಗವ್ವನಿಗೆ ಹೊಳೆಯಿತು. ಮಂಡಿ ಬಗ್ಗಲೂ ತೊಡಗಿತ್ತು. ಅಷ್ಟರಲ್ಲಿ ಕ್ಯಾಮೆರಾ ಅವಳ ಕಡೆ ತಿರುಗಿತು. ಗೋಡೆಯ ಬದಿಗೆ, ಕಂಬದ ಹಿಂದೆ, ಸೆಗಣಿ ತಾಗದ ಒಂದು ಅಂಗೈಯಗಲದ ಕಲ್ಲು ಅವಳ ಕಣ್ಣಿಗೆ ಬಿತ್ತು.

ಅವಳ ಬಲಗಾಲು ಮುಂದೆ ಬಂತು. ಹೆಬ್ಬೆರಳು ಚಾಚಿಕೊಂಡಿತು.

"ಆ ಮೂಲಿ ಬಿಟ್ಟಿ ನೋಡು."

ದನಿ ಎತ್ತಿರಲಿಲ್ಲ. ಅವಳದೂ ಆಗಿರಲಿಲ್ಲ. ಮೆಟ್ಟಿಲಿಳಿಯುತ್ತಿದ್ದ ಸುಂಕಲಮ್ಮ ಅಲ್ಲೇ ನಿಂತಳು. ಬೆನ್ನು ಮೊದಲು ಗಟ್ಟಿಯಾಯಿತು, ಆಮೇಲೆ ಹಳೆಯ ರೂಢಿಯಂತೆ ಬಾಗಿತು. ತಿರುಗಿ ಬಂದು ಮಂಡಿಯೂರಿದಳು. ಈ ಸಲ ಇಬ್ಬರ ಕಣ್ಣೂ ಕೂಡಲಿಲ್ಲ, ನುಂಗುವ ನಗುವೂ ಇರಲಿಲ್ಲ. ಮೂಲೆಯನ್ನು ಬಳಿದು, ಗೋಡೆಗುಂಟ ಬಳಿದು, ಬೀಗದ ಕೈ ಬಿದ್ದಲ್ಲಿಗೆ ಬಂದಾಗ ಅದನ್ನು ಎತ್ತದೆ, ಮುಟ್ಟದೆ, ಅದರ ಸುತ್ತ ಬಳಿದಳು. ದುರುಗವ್ವನ ಹೆಬ್ಬೆರಳು ಇನ್ನೂ ಕೆಳಗಿಳಿದಿರಲಿಲ್ಲ.